ಮನಸ್ಸು ಹೇಳುವ ಕಣಿ: ರಾಶಿಯವರ ಬದುಕನ್ನು ಪಾಠ ಮಾಡಿದ ಅನುಭವ

ಅಭ್ಯಾಸ ಬೋಧನೆಗೆ ನನ್ನನ್ನು ಬಾಶೆಟ್ಟಿಹಳ್ಳಿಯ ಒಂದು ಪ್ರೌಢಶಾಲೆಗೆ ಹಾಕಿದ್ದರು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬಸ್ಸಿಳಿದರೆ ಮೊದಲು ಕಾಣುವುದು ಕಾರ್ಖಾನೆಗಳ ಕಾಂಪೌಂಡು. ಬೆಳಗಿನ ಪಾಳಿಗೆ ಹೋಗುವವರ ನಡುವೆ ನುಸುಳಿಕೊಂಡು ಶಾಲೆ ಸೇರಬೇಕು. ಒಂಬತ್ತನೆಯ ತರಗತಿಯಲ್ಲಿ ಊರಿನ ಮಕ್ಕಳ ಜೊತೆಗೆ ಕೆಲಸ ಹುಡುಕಿಕೊಂಡು ದೂರದೂರಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದರು.

ನನ್ನ ಮೊದಲ ಪಾಠ ಕೆಟ್ಟಿತು. ಪೀಠಿಕೆಯ ಪ್ರಶ್ನೆಗಳು ಮುಗಿಯುತ್ತಿದ್ದಂತೆ ಮುಂದಿನದು ಮರೆತುಹೋಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ನಕ್ಕ. ಉಳಿದ ಅವಧಿಯನ್ನು ಪುಸ್ತಕ ನೋಡಿ ಓದಿ ಮುಗಿಸಿದೆ. ವೀಕ್ಷಣಾ ಪುಸ್ತಕದಲ್ಲಿ ನಮ್ಮ ಉಪನ್ಯಾಸಕರು ಮೂರು ಒಳ್ಳೆಯ ಅಂಶಗಳನ್ನೂ ಎರಡು ತಿದ್ದುಪಡಿಗಳನ್ನೂ ಬರೆದಿದ್ದರು. ಸಂಜೆ ಬಸ್ಸಿಗೆ ಕಾಯುವಾಗ ನನಗೆ ಆ ಎರಡೇ ನೆನಪಿದ್ದವು. ಮೇಷ್ಟರ ಕೆಲಸ ನನಗೆ ಹೇಳಿದ್ದಲ್ಲ, ಮಕ್ಕಳಿಗೆ ಅದು ಗೊತ್ತಾಗಿಹೋಗಿದೆ, ಅಂತಿಮ ಪಾಠವೂ ಹೀಗೇ ಆಗುತ್ತದೆ, ಅಪ್ಪ ಕಟ್ಟಿದ ಶುಲ್ಕ ನೀರಿನಲ್ಲಿ ಹೋಯಿತು ಎಂದು ಮನಸ್ಸು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟಿತು. ಕೋರ್ಸು ಬಿಡುವ ಅರ್ಜಿ ಹೇಗೆ ಬರೆಯುವುದೆಂದೂ ಆ ರಾತ್ರಿ ಯೋಚಿಸಿದೆ.

ಮುಂದಿನ ವಾರ ಒಬ್ಬ ಕನ್ನಡ ಲೇಖಕರ ಜೀವನಚಿತ್ರವನ್ನು ಸ್ವಂತವಾಗಿ ಬರೆದುಕೊಂಡು ಪಾಠ ಮಾಡಬೇಕಿತ್ತು. ಗ್ರಂಥಾಲಯದಲ್ಲಿ ಹುಡುಕುವಾಗ ಕೈಗೆ ಸಿಕ್ಕ ಹೆಸರು ರಾಶಿ. ನಗಿಸುವವರ ಕಥೆಯಾದರೆ ಮಕ್ಕಳು ನನ್ನನ್ನು ನೋಡಿ ನಗುವುದಿಲ್ಲ, ಕಥೆಗೆ ನಗುತ್ತಾರೆ ಎಂಬುದು ನನ್ನ ಲೆಕ್ಕ. ಆದರೆ ಆ ಬದುಕನ್ನು ಪಾಠಯೋಜನೆಗೆ ಇಳಿಸುತ್ತ ಹೋದಂತೆ ಪಾಠ ನನಗೇ ಆಯಿತು.

ರಾಶಿ ಎಂಬುದು ಡಾ. ಎಂ. ಶಿವರಾಂ ಅವರ ಕಾವ್ಯನಾಮ. ಹುಟ್ಟಿದ್ದು 1905ರಲ್ಲಿ. ವೃತ್ತಿಯಿಂದ ವೈದ್ಯರು; ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿಕೊಂಡೇ ಬರೆದವರು. ವೈದ್ಯರ ಮುಂದೆ ಬಂದು ಕೂರುವವರು ನೋಯುವ ಹೊಟ್ಟೆಯನ್ನಷ್ಟೇ ತರುವುದಿಲ್ಲ, ಆ ನೋವಿನ ಬಗ್ಗೆ ತಾವು ಕಟ್ಟಿಕೊಂಡ ಕಥೆಯನ್ನೂ ತರುತ್ತಾರೆ. ನೋವಿಗೆ ಔಷಧಿ ಉಂಟು. ಕಥೆಗೆ ಏನು ಮಾಡುವುದು? ಅವರು ವೃತ್ತಿ ನಡೆಸಿದ ಕಾಲದಲ್ಲಿ ಮನಸ್ಸಿನ ಕಾಯಿಲೆ ಎಂದರೆ ಜನರ ಬಾಯಲ್ಲಿ ಬರುತ್ತಿದ್ದದ್ದು ಹುಚ್ಚಾಸ್ಪತ್ರೆ ಎಂಬ ಒಂದೇ ಮಾತು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ, ಅದು ನಿಮ್ಹಾನ್ಸ್ ಆದದ್ದು 1974ರಲ್ಲಿ. ಆದರೂ ಜನರ ಲೆಕ್ಕದಲ್ಲಿ ಮನುಷ್ಯ ಒಂದೋ ಸರಿ, ಇಲ್ಲವೇ ಹುಚ್ಚ. ನಡುವೆ ಇರುವ ದಿನನಿತ್ಯದ ಅಂಜಿಕೆ, ಕೀಳರಿಮೆ, ಸುಮ್ಮಸುಮ್ಮನೆ ಕೊರಗುವುದು ಇವಕ್ಕೆ ಜಾಗವೇ ಇರಲಿಲ್ಲ.

1942ರಲ್ಲಿ ಈ ವೈದ್ಯರು ಒಂದು ಹಾಸ್ಯ ಮಾಸಪತ್ರಿಕೆ ಹೊರತಂದರು. ಹೊರಗೆ ಮಹಾಯುದ್ಧ, ಒಳಗೆ ಸ್ವಾತಂತ್ರ್ಯ ಚಳವಳಿ, ಪೇಟೆಯಲ್ಲಿ ಎಲ್ಲದಕ್ಕೂ ಅಭಾವ. ಅಂಥ ವರ್ಷದಲ್ಲಿ ನಗುವಿಗೆಂದೇ ಒಂದು ಪತ್ರಿಕೆ! ಅದರ ಹೆಸರು ಕೊರವಂಜಿ. ತರಗತಿಯಲ್ಲಿ ಈ ಪದ ಎಷ್ಟು ಜನಕ್ಕೆ ಗೊತ್ತೆಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಬುಟ್ಟಿ ಹಿಡಿದು ಮನೆಬಾಗಿಲಿಗೆ ಬಂದು, ಅಂಗೈ ನೋಡಿ ಕಣಿ ಹೇಳುವವಳು ಕೊರವಂಜಿ ಎಂದು ವಿವರಿಸಿದಾಗ, ತಮ್ಮ ಅಜ್ಜಿಯ ಊರಿನಲ್ಲಿ ಅಂಥವರು ಬರುತ್ತಿದ್ದರೆಂದು ಇಬ್ಬರು ಹೇಳಿದರು. ರಾಶಿಯವರ ಕೊರವಂಜಿ ಸಮಾಜದ ಅಂಗೈ ನೋಡಿದಳು. ನಮ್ಮ ದೊಡ್ಡಸ್ತಿಕೆ, ಹಾರಾಟ, ಭಯಗಳನ್ನು ನಮಗೇ ತೋರಿಸಿ ನಗಿಸಿದಳು. ಅದು ಸಭ್ಯ ಹಾಸ್ಯಕ್ಕೆ ಹೆಸರಾಗಿತ್ತು; ಯಾರನ್ನೂ ಕುಗ್ಗಿಸದೆ ನಗಿಸುವುದು ಅದರ ಪಟ್ಟು.

ನಾ. ಕಸ್ತೂರಿ, ಟಿ. ಸುನಂದಮ್ಮ ಮುಂತಾದವರು ಅದರಲ್ಲಿ ಬರೆದರು. ಮೈಸೂರಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಎಂಬ ಯುವಕ ಅದಕ್ಕೆ ಚಿತ್ರ ಬರೆದರು. ಮುಂದೆ ಅವರ ವ್ಯಂಗ್ಯಚಿತ್ರಗಳನ್ನು ದೇಶವೇ ನೋಡಿತು. ಇಪ್ಪತ್ತೈದು ವರ್ಷ ನಡೆದ ಪತ್ರಿಕೆ 1967ರಲ್ಲಿ ನಿಂತಿತು.

ಇಲ್ಲಿ ನನ್ನ ಪಾಠಯೋಜನೆಯಲ್ಲಿ ಇಲ್ಲದ್ದು ನಡೆಯಿತು. ಹಾಗಾದರೆ ಅವರು ಸೋತರಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಹೇಳುವ ಬದಲು ಕಪ್ಪುಹಲಗೆಯಲ್ಲಿ ಎರಡು ಕಂಬಸಾಲು ಎಳೆದೆ. ಸೋತರು ಎನ್ನುವುದಕ್ಕೆ ಪುರಾವೆ ಒಂದು ಕಡೆ, ಅಲ್ಲ ಎನ್ನುವುದಕ್ಕೆ ಇನ್ನೊಂದು ಕಡೆ. ಮೊದಲನೆಯದರಲ್ಲಿ ಬಿದ್ದದ್ದು ಒಂದೇ ಸಾಲು: ಪತ್ರಿಕೆ ನಿಂತಿತು. ಎರಡನೆಯದು ಬೆಳೆಯುತ್ತ ಹೋಯಿತು: ಇಪ್ಪತ್ತೈದು ವರ್ಷ ನಡೆಯಿತು, ಲೇಖಕರನ್ನು ಬೆಳೆಸಿತು, ಒಬ್ಬ ದೊಡ್ಡ ಚಿತ್ರಕಾರನ ಮೊದಲ ದಿನಗಳಿಗೆ ಜಾಗ ಕೊಟ್ಟಿತು, ಮುಂದೆ ಅಪರಂಜಿ ಎಂಬ ಪತ್ರಿಕೆ ಅದರ ದಾರಿಯನ್ನು ಹಿಡಿಯಿತು. ನಿಂತದ್ದೆಲ್ಲ ಸೋತದ್ದಲ್ಲ ಎಂದು ಆ ಹುಡುಗನೇ ಹೇಳಿದ. ನನ್ನ ಮೊದಲ ಪಾಠಕ್ಕೆ ನಾನು ಇಂಥ ಎರಡು ಕಂಬಸಾಲು ಎಳೆದಿರಲಿಲ್ಲ ಎಂಬುದು ಆಗ ಹೊಳೆಯಿತು.

ರಾಶಿಯವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನಸ್ಸು ಮತ್ತು ಅದರ ಕಾಯಿಲೆಗಳನ್ನು ಕುರಿತು ಅವರು ಕನ್ನಡದಲ್ಲಿ ಬರೆದ ಮನಮಂಥನ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಕಾದಂಬರಿಗಳಿಗೆ ಬರುವ ಪ್ರಶಸ್ತಿ ಮನೋವೈದ್ಯಕೀಯದ ಪುಸ್ತಕಕ್ಕೆ ಬಂದದ್ದು ಕನ್ನಡಕ್ಕೆ ಹೆಮ್ಮೆಯ ಮಾತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಸಮುದ್ರ ಮಥನದಲ್ಲಿ ಮೊದಲು ಬಂದದ್ದು ಹಾಲಾಹಲ, ಆದರೆ ಕಡೆಯುವುದನ್ನು ನಿಲ್ಲಿಸಲಿಲ್ಲ ಎಂದು ಮಕ್ಕಳಿಗೆ ನೆನಪಿಸಿದೆ. 1984ರಲ್ಲಿ ರಾಶಿ ತೀರಿಕೊಂಡರು.

ಅದೇ 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಸಂಜ್ಞಾನಾತ್ಮಕ ಚಿಕಿತ್ಸೆಯನ್ನು ವಿವರಿಸುವ ಪುಸ್ತಕ ಪ್ರಕಟಿಸಿದರು. ಖಿನ್ನತೆಯವರ ಮನಸ್ಸಿನಲ್ಲಿ ತಾವಾಗಿಯೇ ಹಾದುಹೋಗುವ ಯೋಚನೆಗಳಿರುತ್ತವೆ, ಅವರು ಅವನ್ನು ಪರೀಕ್ಷಿಸದೆ ನಂಬಿಬಿಡುತ್ತಾರೆ ಎಂಬುದನ್ನು ಅವರು 1960ರ ದಶಕದಲ್ಲೇ ಗಮನಿಸಿದ್ದರು. ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ಇದೇ ದಿಕ್ಕಿನಲ್ಲಿ ಹೊರಟಿದ್ದರು. ಇವು ವರ್ತನಾ ಚಿಕಿತ್ಸೆಯೊಂದಿಗೆ ಸೇರಿ ಇಂದು ನಾವು ಸಿಬಿಟಿ ಎನ್ನುವ ಪದ್ಧತಿಯಾಯಿತು. ರಾಶಿ ಈ ಚಿಕಿತ್ಸೆ ಮಾಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಪತ್ರಿಕೆಯ ಹೆಸರು ನನಗೆ ಇದಕ್ಕೆ ಕೀಲಿಕೈ ಕೊಟ್ಟಿತು. ನಡೆಯದ್ದನ್ನು ನಡೆದೇ ತೀರುತ್ತದೆ ಎಂದು ಮೊದಲೇ ತೀರ್ಮಾನಿಸುವುದನ್ನು ಸಿಬಿಟಿಯಲ್ಲಿ ಭವಿಷ್ಯ ನುಡಿಯುವ ದೋಷ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ಕಣಿ. ಬಸ್ ನಿಲ್ದಾಣದಲ್ಲಿ ನನ್ನ ಮನಸ್ಸು ಹೇಳಿದ್ದು ಅದನ್ನೇ. ಕಣಿ ಹೇಳುವವರನ್ನು ಬೈಯಬೇಕಿಲ್ಲ. ಕೇಳಿಸಿಕೊಂಡು, ನಿಜವೇ ಎಂದು ನೋಡಬೇಕು.

ನೋಡುವ ಕ್ರಮ ಸರಳ. ಏನಾಯಿತು, ಆಗ ಏನೆಂದುಕೊಂಡೆ, ಏನನಿಸಿತು, ಏನು ಮಾಡಿದೆ ಎಂದು ನಾಲ್ಕನ್ನೂ ಬೇರೆಬೇರೆ ಬರೆಯುವುದು. ಎಂದುಕೊಂಡದ್ದಕ್ಕೆ ಪುರಾವೆ ಹುಡುಕುವುದು. ಆಮೇಲೆ ಒಂದು ಸಣ್ಣ ಪ್ರಯೋಗ ಮಾಡಿ ನೋಡುವುದು. ಕೊನೆಯದು ಮುಖ್ಯ, ಬರೀ ಧೈರ್ಯದ ಮಾತಿನಿಂದ ಯೋಚನೆ ಬದಲಾಗುವುದಿಲ್ಲ, ಮಾಡಿ ನೋಡಿದ ಅನುಭವದಿಂದ ಬದಲಾಗುತ್ತದೆ.

ತರಗತಿಯಲ್ಲಿ ಒಬ್ಬ ಹುಡುಗಿ ಎಂದೂ ಗಟ್ಟಿಯಾಗಿ ಓದುತ್ತಿರಲಿಲ್ಲ. ಅವಳ ಮನೆಯವರು ಉತ್ತರ ಕರ್ನಾಟಕದಿಂದ ಬಂದವರು. ತನ್ನ ಮಾತು ಕೇಳಿದರೆ ಎಲ್ಲರೂ ನಗುತ್ತಾರೆ ಎಂಬುದು ಅವಳ ಕಣಿ. ಒತ್ತಾಯಿಸಲಿಲ್ಲ. ಮೊದಲು ಇಬ್ಬರು ಗೆಳತಿಯರ ಮುಂದೆ ಮೂರು ಸಾಲು ಓದಿದಳು. ನಾಲ್ಕನೆಯ ದಿನ ತಾನೇ ಒಪ್ಪಿ ತರಗತಿಯ ಮುಂದೆ ಓದಿದಳು. ಎಷ್ಟು ಜನ ನಗುತ್ತಾರೆಂದು ಎಣಿಸುವುದಷ್ಟೇ ನಮ್ಮ ಒಪ್ಪಂದ. ಎಲ್ಲ ಸುಖವಾಗಿ ಮುಗಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಬ್ಬ ನಕ್ಕ. ನನ್ನ ಪಾಠದಲ್ಲಿ ನಕ್ಕವನೇ. ಅವಳ ಮುಖ ಬಾಡಿತು, ನನ್ನದೂ.

ಅವಧಿ ಮುಗಿದ ಮೇಲೆ ಅವಳು ಎಣಿಕೆ ಒಪ್ಪಿಸಿದಳು. ನಲವತ್ತೊಂದು ಮಕ್ಕಳಲ್ಲಿ ಒಬ್ಬ. ಕಣಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲರೂ ಎಂಬ ಪದವನ್ನು ಹೊಡೆದು ಒಬ್ಬ ಎಂದು ಅವಳೇ ತಿದ್ದಿದಳು. ಹಾಗೆಂದು ಅವನ ನಗುವನ್ನು ಅವಳ ಯೋಚನೆಯ ದೋಷವೆಂದು ಬಿಡುವಂತಿರಲಿಲ್ಲ. ಅದು ನನ್ನ ತರಗತಿಯ ದೋಷ, ಸರಿಪಡಿಸಬೇಕಾದವಳು ನಾನು. ಒಬ್ಬರನ್ನು ನೋಡಿ ನಗುವುದಕ್ಕೂ ಒಟ್ಟಿಗೆ ನಗುವುದಕ್ಕೂ ಇರುವ ವ್ಯತ್ಯಾಸವನ್ನು ಕೊರವಂಜಿಯ ನೆಪದಲ್ಲಿ ಮರುದಿನ ಮತ್ತೆ ಚರ್ಚಿಸಿದೆವು. ಆ ಹುಡುಗನೂ ಮಾತಾಡಿದ. ಅವನಿಗೆ ಓದು ಹತ್ತುತ್ತಿರಲಿಲ್ಲ. ಬೇರೆಯವರು ತಡವರಿಸಿದಾಗ ಅವನಿಗೆ ನಿರಾಳವಾಗುತ್ತಿತ್ತಂತೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ನಾವು ಚಿಕಿತ್ಸಕರಲ್ಲ. ಮನೆಯಲ್ಲಿ ಹೊಡೆತ, ಹಸಿವು ಇರುವ ಮಗುವಿಗೆ ಯೋಚನೆ ತಿದ್ದಿಕೋ ಎನ್ನುವುದು ಕ್ರೌರ್ಯ. ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ ವೈದ್ಯರ ನೆರವು ಕೊಡಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ತರಗತಿಯಲ್ಲಿ ನಾವು ಮಾಡಬಹುದಾದದ್ದು ಇಷ್ಟೆ: ನನಗೆ ಬರುವುದಿಲ್ಲ ಎಂದು ಮಗು ಹೇಳಿದಾಗ ಬರುತ್ತದೆ ಎಂದು ವಾದಿಸದೆ, ಯಾವುದು ಬರುವುದಿಲ್ಲ, ಎಲ್ಲಿಯವರೆಗೆ ಬರುತ್ತದೆ ಎಂದು ಕೂಡಿ ಹುಡುಕುವುದು.

ಅಂತಿಮ ಪಾಠದ ಹಿಂದಿನ ರಾತ್ರಿ ನನ್ನ ಮನಸ್ಸು ಮತ್ತೆ ಕಣಿ ಹೇಳಿತು. ಪಾಠಯೋಜನೆಯ ಹಿಂಬದಿಯಲ್ಲಿ ನಾಲ್ಕು ಕಂಬಸಾಲು ಎಳೆದು ಅದನ್ನು ಬರೆದಿಟ್ಟು ಮಲಗಿದೆ. ಮರುದಿನ ಪಾಠದ ನಡುವೆ ಒಮ್ಮೆ ಮರೆತೆ. ಮರೆತೆನೆಂದು ಮಕ್ಕಳಿಗೇ ಹೇಳಿದೆ. ಎಲ್ಲಿ ನಿಲ್ಲಿಸಿದ್ದೆ ಎಂದು ನೆನಪಿಸಿದವಳು ಆ ಹುಡುಗಿ, ಇಡೀ ತರಗತಿಗೆ ಕೇಳುವಂತೆ, ತನ್ನ ಊರಿನ ಮಾತಿನಲ್ಲಿ.