ಅಂಗಸೌಷ್ಠವದ ಆಚಾರ್ಯ ಕೆ.ವಿ. ಅಯ್ಯರ್

ನಮ್ಮ ಶಾಲೆಯ ನೂರು ವರ್ಷಗಳನ್ನು ನೆನೆಯಲು ಕುಳಿತಾಗ ಪಾಠಗಳಿಗಿಂತ ಮೊದಲು ಕಣ್ಣಿಗೆ ಕಟ್ಟುವುದು ಆಟದ ಬಯಲು. ವೇಳಾಪಟ್ಟಿಯಲ್ಲಿ ಅಂಗಸಾಧನೆಗೆ ಪ್ರತ್ಯೇಕ ಅವಧಿಯಿತ್ತು. ಪರೀಕ್ಷೆ ಸಮೀಪಿಸಿದೊಡನೆ ಅದು ಗಣಿತದ ಪಾಲಾಗುತ್ತಿತ್ತು. ಆಗ ನಾವು ಯಾರೂ ಅದನ್ನು ನಷ್ಟವೆಂದು ಬಗೆಯಲಿಲ್ಲ. ಇಂದು ಹೊಸೂರು ಸೀಮೆಯ ನಮ್ಮ ಮಕ್ಕಳು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಜಿಮ್ಮಿನ ಬಾಗಿಲು ತಟ್ಟುತ್ತಾರೆ. ಮೂರು ತಿಂಗಳಲ್ಲಿ ತೋಳು ಉಬ್ಬಬೇಕು, ಹೊಟ್ಟೆ ಮಾತ್ರ ಒಳಗಿರಬೇಕು ಎಂದು ಬಯಸಿ, ಡಬ್ಬಿಯ ಪುಡಿಗೆ ಹಣ ಕೇಳುತ್ತಾರೆ. ಏನು ಹೇಳಬೇಕೆಂದು ತಿಳಿಯದ ತಂದೆತಾಯಿಗಳು ಅಧ್ಯಾಪಕರನ್ನು ಕೇಳುತ್ತಾರೆ. ಈ ಪ್ರಶ್ನೆಗೆ ತನ್ನ ಶರೀರವನ್ನೇ ಉತ್ತರವಾಗಿ ನಿಲ್ಲಿಸಿದ ಕನ್ನಡಿಗರೊಬ್ಬರು ನಮ್ಮ ನೆರೆಯಲ್ಲಿಯೇ ಬಾಳಿದ್ದರು. ಅವರನ್ನು ನೆನೆಯಲು ಈ ಸಂಚಿಕೆ ತಕ್ಕ ಸಂದರ್ಭವೆಂದು ನಾವು ಭಾವಿಸಿದ್ದೇವೆ.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 19ನೆಯ ಶತಮಾನದ ಕಡೆಯ ವರ್ಷಗಳಲ್ಲಿ, ಕೋಲಾರ ಜಿಲ್ಲೆಯ ಮುಳುಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಆ ನೆಲ ನಮ್ಮ ಸೀಮೆಗೆ ಒಡಹುಟ್ಟಿನಂತಹುದು. ನಮ್ಮ ಹಿರಿಯರು ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿದ್ದರು, ಅಯ್ಯರ್ ಮೈಸೂರು ಸಂಸ್ಥಾನದ ಪ್ರಜೆಯಾಗಿದ್ದರು. ಆದರೆ ಬದುಕನ್ನು ಅರಸಿ ಬೆಂಗಳೂರಿನ ಕಡೆಗೆ ಮುಖ ಮಾಡುವುದು ಎರಡೂ ಕಡೆಯವರಿಗೆ ಸಮಾನವಾಗಿತ್ತು. ಅವರ ಕಾರ್ಯಕ್ಷೇತ್ರವೂ ಬೆಂಗಳೂರೇ ಆಯಿತು.

ಅವರು ಬೆಳೆಯುತ್ತಿದ್ದ ಕಾಲದಲ್ಲಿ ದೇಹದಾರ್ಢ್ಯದ ಕಲ್ಪನೆಯೇ ಬದಲಾಗುತ್ತಿತ್ತು. ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ, ಕುಸ್ತಿಗಳ ಪರಂಪರೆ ಗಟ್ಟಿಯಾಗಿತ್ತು. ಅಲ್ಲಿ ಶರೀರದ ಗುರಿ ಬಲ. ಜಟ್ಟಿಯ ಮೈ ತುಂಬಿಕೊಂಡಿದ್ದರೆ ಅದು ದೋಷವಲ್ಲ. ಇದೇ ವೇಳೆಗೆ ಯೂರೋಪಿನಲ್ಲಿ ಯೂಜೆನ್ ಸ್ಯಾಂಡೋ ಎಂಬಾತ ಬೇರೊಂದು ಆದರ್ಶವನ್ನು ಮುಂದಿಟ್ಟಿದ್ದ. 1867ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿದ ಈತ ಗ್ರೀಕ್ ಶಿಲ್ಪಗಳ ಪ್ರಮಾಣವನ್ನು ಮಾನವ ದೇಹದಲ್ಲಿ ಮೂಡಿಸಲು ಹೊರಟವನು. ಕತ್ತು, ಎದೆ, ತೋಳು, ಸೊಂಟ, ತೊಡೆಗಳನ್ನು ಅಳೆದು ಬರೆದಿಡುವುದು, ಹಗುರವಾದ ಡಂಬೆಲ್ಲಿನಿಂದ ಆರಂಭಿಸಿ ಆವೃತ್ತಿಗಳನ್ನು ಕ್ರಮವಾಗಿ ಏರಿಸುವುದು ಅವನ ಪದ್ಧತಿಯಾಗಿತ್ತು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ ಸ್ಪರ್ಧೆಯಲ್ಲಿ ಬರಿಯ ಗಾತ್ರಕ್ಕೆ ಬಹುಮಾನವಿರಲಿಲ್ಲ; ಅವಯವಗಳ ಸಮತೋಲವನ್ನು ನೋಡಿ ತೀರ್ಪು ಕೊಡಲಾಯಿತು. 1905ರ ಸುಮಾರಿಗೆ ಅವನು ಭಾರತದಲ್ಲಿಯೂ ಪ್ರವಾಸ ಮಾಡಿ ಪ್ರದರ್ಶನಗಳನ್ನು ನೀಡಿದ. ಅವನ ಹೆಸರು ಊರೂರಿಗೆ ಹರಡಿತು. ತೋಳಿಲ್ಲದ ಒಳಬನಿಯನ್ನನ್ನು ನಮ್ಮ ಅಜ್ಜಂದಿರು ಸ್ಯಾಂಡೋ ಬನಿಯನ್ ಎಂದು ಕರೆದದ್ದು ಇದರಿಂದಲೇ.

ಈ ಎರಡು ಧಾರೆಗಳ ಸಂಗಮದಲ್ಲಿ ಅಯ್ಯರ್ ನಿಂತರು. ನಮ್ಮ ಶಾಲೆ ಕಣ್ಣು ತೆರೆದ 1920ರ ದಶಕದಲ್ಲಿಯೇ ಬೆಂಗಳೂರಿನಲ್ಲಿ ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಯತೊಡಗಿತ್ತು. ಮುಂದೆ ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಅವರ ಹೆಸರಿನೊಡನೆ ಬೆರೆತುಹೋಯಿತು. 1930ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥ ‘ಮಸಲ್ ಕಲ್ಟ್’, ಅದರ ಹಿಂದೆ 1936ರಲ್ಲಿ ಬಂದ ‘ಪರ್ಫೆಕ್ಟ್ ಫಿಸೀಕ್’, ಆ ಬಳಿಕದ ‘ಸೂರ್ಯ ನಮಸ್ಕಾರ’ ಇವು ಅವರ ಕೀರ್ತಿಯನ್ನು ಸಂಸ್ಥಾನದ ಎಲ್ಲೆಯಾಚೆಗೆ ಒಯ್ದವು. ಗ್ರೀಕ್ ಪ್ರತಿಮೆಗಳ ಭಂಗಿಯಲ್ಲಿ ನಿಂತ ಅವರ ಭಾವಚಿತ್ರಗಳನ್ನು ಇಂದು ನೋಡಿದರೂ ಅಚ್ಚರಿಯಾಗುತ್ತದೆ. ಅಲ್ಲಿ ಉಬ್ಬಿದ ಗಾತ್ರವಿಲ್ಲ. ಚರ್ಮದ ಕೆಳಗೆ ಪ್ರತಿಯೊಂದು ಸ್ನಾಯುವಿನ ರೇಖೆಯೂ ಬೇರೆಬೇರೆಯಾಗಿ ಕಾಣುತ್ತದೆ. ಮಾಂಸಖಂಡ ಬೆಳೆದಿದೆ, ಕೊಬ್ಬು ಬೆಳೆದಿಲ್ಲ.

ಜಿಮ್ನೇಷಿಯಮ್ಮಿಗೆ ಬರಲಾಗದ ದೂರದವರಿಗೆ ಅವರು ಅಂಚೆಯ ಮೂಲಕ ಶಿಕ್ಷಣ ಕೊಟ್ಟರು. ಇದು ಸಣ್ಣ ಸಂಗತಿಯೆಂದು ನಮಗೆ ತೋರುವುದಿಲ್ಲ. ಎದುರಿನಲ್ಲಿರುವ ಶಿಷ್ಯನನ್ನು ಗದರಿ ತಿದ್ದಬಹುದು. ಕಾಣದ ಶಿಷ್ಯನಿಗೆ ಕಲಿಸಬೇಕಾದರೆ ಯೋಜನೆಯೇ ಗುರುವಾಗಬೇಕು. ಯಾವ ವ್ಯಾಯಾಮ, ಎಷ್ಟು ಬಾರಿ, ಯಾವ ಕ್ರಮದಲ್ಲಿ ಎಂಬುದೆಲ್ಲ ಕಾಗದದ ಮೇಲೆ ಸ್ಪಷ್ಟವಾಗಿರಬೇಕು. ಉತ್ಸಾಹವನ್ನು ಕ್ರಮಕ್ಕೆ ಒಗ್ಗಿಸುವ ವಿದ್ಯೆ ಅವರಿಗೆ ಸಿದ್ಧಿಸಿದ್ದು ಹೀಗೆ.

ಅಯ್ಯರ್ ಅವರ ಹೆಚ್ಚುಗಾರಿಕೆ ಇನ್ನೊಂದು ದಿಕ್ಕಿನಲ್ಲಿದೆ. ಬಾರ್‌ಬೆಲ್ಲು ಹೊರಗಿನ ಸ್ನಾಯುಗಳನ್ನು ಬೆಳೆಸಬಲ್ಲದು, ಆದರೆ ಒಳಗಿನ ಅಂಗಗಳ ಆರೋಗ್ಯಕ್ಕೆ ಅಷ್ಟೇ ಸಾಲದೆಂದು ಅವರು ಬಗೆದರು. ಆದುದರಿಂದ ಪಾಶ್ಚಾತ್ಯರ ಭಾರ ಎತ್ತುವ ವ್ಯಾಯಾಮದ ಪಕ್ಕದಲ್ಲಿಯೇ ಹಠಯೋಗದ ಆಸನಗಳಿಗೂ ಸೂರ್ಯನಮಸ್ಕಾರಕ್ಕೂ ಸ್ಥಾನ ಕೊಟ್ಟರು. ಯೋಗಾಚಾರ್ಯ ಸುಂದರಂ ಅವರು ಈ ಕಾರ್ಯದಲ್ಲಿ ಅವರ ಜೊತೆಗಾರರು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಶಾಲೆಶಾಲೆಗೂ ಒಯ್ಯುತ್ತಿದ್ದ ಕಾಲವದು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರ್ ಅವರ ವಿದ್ಯೆಯನ್ನು ಮೆಚ್ಚಿ ಆಶ್ರಯವಿತ್ತರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಶಿಷ್ಯ ಅನಂತರಾವ್ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದರು. ಅದೇ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯೂ ಇತ್ತು. ಜಗತ್ತಿನ ಮೂಲೆಮೂಲೆಗೂ ಯೋಗವನ್ನು ಕೊಂಡೊಯ್ದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರು ಅಲ್ಲಿಯೇ ಅಭ್ಯಾಸ ಮಾಡಿದವರು. ಬಾರ್‌ಬೆಲ್ಲೂ ಆಸನವೂ ಒಂದೇ ಸೂರಿನ ಕೆಳಗೆ ನೆರೆಹೊರೆಯಾಗಿದ್ದವು.

ಗುರುವಿನ ಬದುಕನ್ನು ಹೇಳಿ ವಿದ್ಯೆಯನ್ನು ಬಿಟ್ಟರೆ ಸ್ಮರಣೆ ಅಪೂರ್ಣ. ಕೊಬ್ಬನ್ನು ಬೆಳೆಸದೆ ಸ್ನಾಯುವನ್ನು ಬೆಳೆಸುವ ಬಗೆ ಹೇಗೆ? ಇಂದಿನ ಶರೀರಶಾಸ್ತ್ರ ಹೇಳುವುದನ್ನು ನಮ್ಮ ಮಾತಿನಲ್ಲಿ ಇಲ್ಲಿ ಸಂಗ್ರಹಿಸುತ್ತೇವೆ. ಭಾರ ಎತ್ತಿದಾಗ ಸ್ನಾಯು ಬೆಳೆಯುವುದಿಲ್ಲ; ಬೆಳೆಯಬೇಕೆಂಬ ಸೂಚನೆಯನ್ನಷ್ಟೇ ಪಡೆಯುತ್ತದೆ. ಅದರ ಮುಂದಿನ ಒಂದೆರಡು ದಿನಗಳಲ್ಲಿ ಆಹಾರದ ಪ್ರೋಟೀನನ್ನು ಬಳಸಿಕೊಂಡು ಅದು ತನ್ನನ್ನು ಕಟ್ಟಿಕೊಳ್ಳುತ್ತದೆ. ಆದುದರಿಂದ ಒಂದೇ ಸ್ನಾಯುವನ್ನು ದಿನಂಪ್ರತಿ ದಣಿಸುವುದು ವ್ಯರ್ಥ. ಹೊಸಬರಿಗೆ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ಬಿಡುವು ಸಾಕು. ತಪ್ಪಿಲ್ಲದೆ 8 ಬಾರಿ ಎತ್ತಬಹುದಾದ ಭಾರದಿಂದ ತೊಡಗಿ, ಅದನ್ನು 12 ಬಾರಿ ನಿರಾಯಾಸವಾಗಿ ಎತ್ತುವಂತಾದಾಗ ಸ್ವಲ್ಪ ಭಾರ ಏರಿಸಿ ಮತ್ತೆ 8ಕ್ಕೆ ಇಳಿಯಬೇಕು. ಮೊದಲ ವಾರಗಳಲ್ಲಿ ಹೆಚ್ಚುವ ಬಲವು ಬಹುಮಟ್ಟಿಗೆ ನರಗಳ ಕಲಿಕೆ. ಕಣ್ಣಿಗೆ ಕಾಣುವ ಬೆಳವಣಿಗೆ ತಡವಾಗಿ ಬರುತ್ತದೆ. ಇದನ್ನು ತಿಳಿಯದೆ ಎಷ್ಟೋ ಹುಡುಗರು ಎರಡನೆಯ ತಿಂಗಳಲ್ಲಿಯೇ ನಿರಾಶರಾಗಿ ಪುಡಿಯ ಮೊರೆ ಹೋಗುತ್ತಾರೆ.

ಊಟದ ಲೆಕ್ಕವೂ ಹೀಗೆಯೇ. ದೇಹ ದಿನಕ್ಕೆ ಕಟ್ಟಬಲ್ಲ ಸ್ನಾಯು ಅತ್ಯಲ್ಪ. ಅದಕ್ಕೆ ಬೇಕಾದುದಕ್ಕಿಂತ ಹೆಚ್ಚು ತಿಂದದ್ದು ಕೊಬ್ಬಾಗಿ ಶೇಖರವಾಗುತ್ತದೆ. ಮೈ ಬೆಳೆಸಬೇಕೆಂದು ಇಮ್ಮಡಿ ಉಣ್ಣುವವನು ಹೊಟ್ಟೆಯನ್ನೇ ಬೆಳೆಸುತ್ತಾನೆ. ನಿತ್ಯದ ಊಟಕ್ಕಿಂತ ತುಸು ಹೆಚ್ಚು, ಅದರಲ್ಲಿ ಪ್ರೋಟೀನು ಧಾರಾಳ, ಇಷ್ಟೇ ಸೂತ್ರ. ಭಾರದ ವ್ಯಾಯಾಮ ಮಾಡುವ 60 ಕಿಲೋ ತೂಕದ ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ 90ರಿಂದ 100 ಗ್ರಾಂ ಪ್ರೋಟೀನು ಸಾಕಾಗುತ್ತದೆ. 100 ಗ್ರಾಂ ಒಣ ಹುರುಳಿಯಲ್ಲಿ ಅಥವಾ ಬೇಳೆಯಲ್ಲಿ 20 ಗ್ರಾಮಿಗೂ ಮಿಕ್ಕಿ ಪ್ರೋಟೀನು ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ನಮ್ಮ ಮನೆಗಳ ಹುರುಳಿಕಟ್ಟಿನ ಸಾರು, ಅವರೆಕಾಳು, ಹಾಲುಮೊಸರುಗಳಿಗೆ ಯಾವ ಡಬ್ಬಿಯ ಹಂಗೂ ಇಲ್ಲ. ತಟ್ಟೆಯಲ್ಲಿ ಮುದ್ದೆಯ ಪಾಲಿಗೆ ತಕ್ಕಷ್ಟು ಕಾಳಿನ ಪಾಲು ಇರಬೇಕು, ಅಷ್ಟೆ. ತಿಂಗಳಿಗೊಮ್ಮೆ ಅಳತೆಯ ಟೇಪನ್ನು ಹಿಡಿದು ತೋಳನ್ನೂ ಸೊಂಟವನ್ನೂ ಅಳೆದರೆ ನಿಜ ತಿಳಿಯುತ್ತದೆ. ತೋಳು ಬೆಳೆದು ಸೊಂಟ ನಿಂತಿದ್ದರೆ ದಾರಿ ಸರಿ. ಸೊಂಟವೇ ಮುಂದೆ ಓಡಿದರೆ ಊಟವನ್ನು ಕೊಂಚ ತಗ್ಗಿಸಬೇಕು. ತಕ್ಕಡಿಯೊಂದನ್ನೇ ನಂಬಿದವನಿಗೆ ಹೆಚ್ಚಿದ್ದು ಸ್ನಾಯುವೋ ಕೊಬ್ಬೋ ತಿಳಿಯದು. ಇಷ್ಟೆಲ್ಲ ಮಾಡಿಯೂ ರಾತ್ರಿ ಮೊಬೈಲು ನೋಡುತ್ತ ನಿದ್ದೆಗೆಟ್ಟರೆ ಶ್ರಮವೆಲ್ಲ ನೀರುಪಾಲು. ಶಾಲೆಯ ಮಕ್ಕಳಿಗಾದರೋ ಪ್ರೋಟೀನಿನ ಲೆಕ್ಕಕ್ಕಿಂತ ಹೊಟ್ಟೆ ತುಂಬುವ ಸಮತೋಲದ ಊಟ ಮುಖ್ಯ. ದಂಡ, ಬಸ್ಕಿ, ಸೂರ್ಯನಮಸ್ಕಾರಗಳಿಂದ ಆರಂಭಿಸಿ, ಬಲ್ಲವರ ಕಣ್ಣೆದುರಿನಲ್ಲಿ ಮಾತ್ರ ಹಗುರವಾದ ಭಾರಕ್ಕೆ ಕೈಹಾಕುವುದು ಕ್ಷೇಮ.

ಮತ್ತೆ ಅಯ್ಯರ್ ಅವರ ಬದುಕಿಗೆ ಮರಳೋಣ. ಶರೀರವನ್ನು ತಿದ್ದುವುದರಲ್ಲಿ ಹೆಸರಾದ ಈ ಮನುಷ್ಯ ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತಮಿತ್ರರು. ಮೈಕಟ್ಟನ್ನು ಕಟ್ಟಿದ ಕೈಯೇ ಲೇಖನಿಯನ್ನೂ ಹಿಡಿಯಿತು. ಹೊಯ್ಸಳ ವಿಷ್ಣುವರ್ಧನನ ರಾಣಿಯನ್ನು ಕುರಿತ ‘ಶಾಂತಲಾ’ ಕನ್ನಡದ ಐತಿಹಾಸಿಕ ಕಾದಂಬರಿಗಳಲ್ಲಿ ಇಂದಿಗೂ ಓದುಗರನ್ನು ಕಳೆದುಕೊಂಡಿಲ್ಲ. ‘ರೂಪದರ್ಶಿ’ಯನ್ನಂತೂ ನಮ್ಮ ತಲೆಮಾರಿನ ಅನೇಕರು ಎಳವೆಯಲ್ಲಿಯೇ ಓದಿ ಕಣ್ಣೀರು ಹಾಕಿದ್ದೇವೆ. ಇಟಲಿಯ ಮಹಾಕಲಾವಿದ ಮೈಕೆಲೆಂಜೆಲೊ ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಮುದ್ದಾದ ಮಗುವೊಂದನ್ನು ಆರಿಸುತ್ತಾನೆ. ಬಹುಕಾಲದ ಅನಂತರ ದ್ರೋಹಿ ಜೂದಾಸನ ಚಿತ್ರಕ್ಕಾಗಿ ಕ್ರೂರ ಮುಖವೊಂದನ್ನು ಹುಡುಕುತ್ತಾನೆ. ದೊರೆತವನು ಅದೇ ಮಗು, ಬೆಳೆದು ಕೆಟ್ಟವನು.

ಈ ಕಥೆಯನ್ನು ಬರೆಯಲು ಅಯ್ಯರ್ ಅವರಿಗಿಂತ ತಕ್ಕವರು ಇರಲಿಲ್ಲವೆಂದು ಈಗ ನಮಗೆ ಅನ್ನಿಸುತ್ತದೆ. ಮನುಷ್ಯ ದಿನದಿನವೂ ಮಾಡಿದ್ದು ಅವನ ರೂಪದಲ್ಲಿ ಬರೆದುಕೊಳ್ಳುತ್ತದೆ ಎಂಬುದನ್ನು ಅವರು ವ್ಯಾಯಾಮಶಾಲೆಯಲ್ಲಿ ಬೆಳಗೂ ಬೈಗೂ ಕಂಡವರು. ಒಂದು ದಿನದ ಸಾಧನೆ ಕಾಣುವುದಿಲ್ಲ, ಒಂದು ದಿನದ ಸೋಮಾರಿತನವೂ ಕಾಣುವುದಿಲ್ಲ. ಒಂದು ವರ್ಷದ್ದು ಎರಡೂ ಕಾಣುತ್ತವೆ. ಚಿತ್ರಕಾರನ ಕಥೆಯಲ್ಲಿ ಅವರು ಹೇಳಿದ್ದು ಮುಖದ ಮಾತು, ಗರಡಿಯಲ್ಲಿ ಕಲಿಸಿದ್ದು ಮೈಯ ಮಾತು. ತತ್ತ್ವ ಒಂದೇ.

1980ರಲ್ಲಿ ಅಯ್ಯರ್ ತೀರಿಕೊಂಡರು. ಎಂಬತ್ತು ದಾಟಿದ ಆ ಬದುಕಿನಲ್ಲಿ ಅವರು ಅಡ್ಡದಾರಿಯನ್ನು ಯಾರಿಗೂ ತೋರಿಸಲಿಲ್ಲ. ಇಂದು ಅವರ ಕಾದಂಬರಿಗಳನ್ನು ಬಲ್ಲವರಲ್ಲಿ ಅನೇಕರಿಗೆ ಅವರು ವ್ಯಾಯಾಮಾಚಾರ್ಯರೆಂದು ತಿಳಿಯದು. ಅವರ ವ್ಯಾಯಾಮವನ್ನು ಅಭ್ಯಸಿಸುವ ಹೊರದೇಶದ ವಿದ್ವಾಂಸರಲ್ಲಿ ಅನೇಕರಿಗೆ ‘ಶಾಂತಲಾ’ ತಿಳಿಯದು. ಎರಡನ್ನೂ ಕೂಡಿಸಿ ನೋಡುವ ಭಾಗ್ಯ ಕನ್ನಡ ಓದಬಲ್ಲ ನಮ್ಮದು. ಗಡಿಯಾಚೆಯ ಊರಿನಲ್ಲಿ ಕನ್ನಡವನ್ನು ಉಳಿಸಿಕೊಂಡ ಒಂದು ಶಾಲೆಗೆ ಇದು ಸಣ್ಣ ಸಂಪತ್ತಲ್ಲ.

ನಮ್ಮ ಕೋರಿಕೆ ಒಂದೇ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಶಾಲೆಯಲ್ಲಿ ಅಂಗಸಾಧನೆಯ ಅವಧಿ ಇನ್ನು ಮುಂದೆ ಗಣಿತದ ಪಾಲಾಗದಿರಲಿ. ಮಕ್ಕಳ ಕೈಗೆ ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ ಕೊಟ್ಟು, ದಂಡ ಎಷ್ಟು, ಬಸ್ಕಿ ಎಷ್ಟು ಎಂದು ತಾವೇ ಬರೆದಿಡಲು ಕಲಿಸೋಣ. ಲೆಕ್ಕ ಇಡುವುದನ್ನು ಕಲಿತರೆ ಗಣಿತಕ್ಕೂ ನಷ್ಟವಾಗದು.