ಎರಡು ಚಿಲುಮೆ, ಒಂದು ಲೆಕ್ಕ

ಎಂಜಿನಿಯರಿಂಗ್ ಓದುವವನಿಗೆ ಅರ್ಥಶಾಸ್ತ್ರ ಯಾಕೆ ಎಂದು ಹಾಸ್ಟೆಲ್‌ ಗೆಳೆಯರು ನನ್ನನ್ನು ರೇಗಿಸುತ್ತಾರೆ. ಅವರಿಗೆ ನಾನು ಹೇಳುವುದು ಆಂತ್ವಾನ್ ಆಗುಸ್ತಾಂ ಕೂರ್ನೊ ಎಂಬ ಗಣಿತಜ್ಞರ ಕಥೆಯನ್ನು.

ಕೂರ್ನೊ ಹುಟ್ಟಿದ್ದು 1801ರಲ್ಲಿ, ಫ್ರಾನ್ಸಿನ ಗ್ರೇ ಎಂಬ ಸಣ್ಣ ಊರಿನಲ್ಲಿ. ಹದಿನೈದಕ್ಕೆ ಶಾಲೆ ಮುಗಿಯಿತು. ಮುಂದೆ ಕೆಲವು ವರ್ಷ ವಕೀಲರ ಕಚೇರಿಯಲ್ಲಿ ಗುಮಾಸ್ತಿಕೆ. 1821ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಲ್‌ನಲ್ಲಿ ಸೀಟು ಸಿಕ್ಕಿತು. ಮರುವರ್ಷವೇ ಸರ್ಕಾರ ಆ ಸಂಸ್ಥೆಯನ್ನು ಮುಚ್ಚಿತು. ಸೊರ್ಬಾನ್‌ನಲ್ಲಿ ಗಣಿತದ ಪದವಿ ಪಡೆದು, ಹತ್ತು ವರ್ಷ ಒಬ್ಬ ಸೇನಾ ಮಾರ್ಷಲ್ ಮನೆಯಲ್ಲಿ ಮಗನಿಗೆ ಪಾಠ ಹೇಳುತ್ತಾ, ಕಾರ್ಯದರ್ಶಿಯಾಗಿ ದುಡಿದರು. ಅಲ್ಲಿದ್ದುಕೊಂಡೇ ಡಾಕ್ಟರೇಟ್ ಮಾಡಿದರು. ನಾವು ಪ್ರಾಬಬಿಲಿಟಿಯಲ್ಲಿ ಓದುವ ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಇದೆಯಲ್ಲ, ಅದೇ ಪಾಯ್ಸಾನ್ ಇವರ ಪ್ರತಿಭೆ ಗುರುತಿಸಿದರು. 1834ರಲ್ಲಿ ಲಿಯಾನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಾಗ ವಯಸ್ಸು ಮೂವತ್ತು ದಾಟಿತ್ತು.

1838ರಲ್ಲಿ ಸಂಪತ್ತಿನ ಸಿದ್ಧಾಂತಕ್ಕೆ ಗಣಿತ ಅನ್ವಯಿಸಿ ಪುಸ್ತಕ ಬರೆದರು. ಅದರಲ್ಲಿ ಎರಡು ಖನಿಜ ನೀರಿನ ಚಿಲುಮೆಗಳು, ಇಬ್ಬರು ಮಾಲೀಕರು. ನೀರಿಗೆ ಖರ್ಚಿಲ್ಲ. ಎಷ್ಟು ಮಾರಿದರೆ ಲಾಭ?

ನನ್ನದೇ ಅಂಕಿಗಳಲ್ಲಿ ಹೇಳುತ್ತೇನೆ. ಇಬ್ಬರೂ ಮಾರುವ ಒಟ್ಟು ಲೀಟರನ್ನು 120ರಿಂದ ಕಳೆದರೆ ಲೀಟರಿನ ಬೆಲೆ ಎಂದಿಟ್ಟುಕೊಳ್ಳಿ. ಒಪ್ಪಂದ ಮಾಡಿಕೊಂಡು ತಲಾ 30 ಲೀಟರ್ ಮಾರಿದರೆ ಬೆಲೆ 60 ರೂಪಾಯಿ, ತಲಾ ಆದಾಯ 1,800. ಒಬ್ಬ ಗುಟ್ಟಾಗಿ 45 ಲೀಟರ್ ಮಾರಿದರೆ ಬೆಲೆ 45ಕ್ಕಿಳಿದರೂ ಅವನಿಗೆ 2,025 ರೂಪಾಯಿ. ಇನ್ನೊಬ್ಬನಿಗೆ 1,350 ಮಾತ್ರ. ಅವನು ಸುಮ್ಮನಿರುತ್ತಾನೆಯೇ? ಒಬ್ಬರ ನಡೆ ನೋಡಿ ಇನ್ನೊಬ್ಬರು ಬದಲಿಸುತ್ತಾ ಕೊನೆಗೆ ತಲಾ 40 ಲೀಟರ್‌ಗೆ ಬಂದು ನಿಲ್ಲುತ್ತಾರೆ. ಬೆಲೆ 40, ತಲಾ 1,600. ಅಲ್ಲಿಂದ ಯಾರೊಬ್ಬರೇ ಕದಲಿದರೂ ನಷ್ಟ ಅವರಿಗೇ. ಗ್ರಾಹಕನಿಗೆ ಮಾತ್ರ 60ರ ನೀರು 40ಕ್ಕೆ!

ಇಷ್ಟು ಚೆಂದದ ಲೆಕ್ಕವನ್ನು ಆಗ ಹೆಚ್ಚು ಜನ ಓದಲೇ ಇಲ್ಲ. ಅರ್ಥಶಾಸ್ತ್ರದಲ್ಲಿ ಸಮೀಕರಣಗಳು ಅಂದಿನವರಿಗೆ ರುಚಿಸಲಿಲ್ಲ. ಕೂರ್ನೊ ಶಿಕ್ಷಣ ಇಲಾಖೆಯ ನೌಕರಿ ಮಾಡಿಕೊಂಡು, ದೃಷ್ಟಿ ಮಂದವಾಗುತ್ತಿದ್ದರೂ ಬರೆಯುತ್ತಲೇ ಇದ್ದರು. 25 ವರ್ಷ ಕಾದು, 1863ರಲ್ಲಿ ಅದೇ ವಿಚಾರಗಳನ್ನು ಸಮೀಕರಣಗಳಿಲ್ಲದೆ ಮತ್ತೆ ಬರೆದರು. ಆಗಲೂ ಸದ್ದಾಗಲಿಲ್ಲ. 1877ರಲ್ಲಿ ಮತ್ತೊಂದು ಪುಸ್ತಕ. ಆ ವರ್ಷದ ಮಾರ್ಚ್‌ನಲ್ಲೇ ತೀರಿಕೊಂಡರು.

1883ರಲ್ಲಿ ಜೋಸೆಫ್ ಬರ್ಟ್ರಾಂಡ್ ಎಂಬ ಗಣಿತಜ್ಞ ಅವರನ್ನು ಟೀಕಿಸಿದರು. ಮಾಲೀಕರು ನಿಗದಿ ಮಾಡುವುದು ಪ್ರಮಾಣವನ್ನಲ್ಲ, ಬೆಲೆಯನ್ನು. ಒಬ್ಬರಿಗಿಂತ ಒಬ್ಬರು ಇಳಿಸುತ್ತಾ ಹೋದರೆ ಬೆಲೆ ಖರ್ಚಿನ ಮಟ್ಟಕ್ಕೇ ಬರುತ್ತದೆ ಎಂಬುದು ಅವರ ವಾದ. ಇಂದು ಎರಡೂ ಮಾದರಿಗಳು ಪಠ್ಯದಲ್ಲಿವೆ. 1950ರ ಹೊತ್ತಿಗೆ ಜಾನ್ ನ್ಯಾಶ್ ಇಂಥ ಸಮತೋಲನವನ್ನು ಎಲ್ಲ ಬಗೆಯ ಆಟಗಳಿಗೂ ವಿಸ್ತರಿಸಿದರು. 1994ರಲ್ಲಿ ನೊಬೆಲ್ ಪಡೆದರು.

ಕೂರ್ನೊಗೆ ಇದ್ಯಾವುದೂ ಗೊತ್ತಾಗಲಿಲ್ಲ. ಅವರ ಬದುಕಿನಲ್ಲಿ ನನ್ನನ್ನು ತಟ್ಟಿದ್ದು 1863ರ ಆ ಪುಸ್ತಕ. ಜನ ಓದಲಿಲ್ಲವೆಂದು ಅವರು ಲೆಕ್ಕವನ್ನು ಕೈಬಿಡಲಿಲ್ಲ, ಹೇಳುವ ರೀತಿ ಬದಲಿಸಿದರು. ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ ಕೊಡುತ್ತಿರುವ ನನ್ನ ಸೀನಿಯರ್‌ಗಳನ್ನು ಕಂಡಾಗಲೆಲ್ಲ ಈ ಮಾತು ನೆನಪಾಗುತ್ತದೆ. ಆಯ್ಕೆಯಾಗದ್ದಕ್ಕೆ ಕಲಿತದ್ದೇ ದಂಡ ಎಂದುಕೊಳ್ಳಬೇಕಿಲ್ಲ. ಮುಂದಿನ ವರ್ಷ ಆ ಸಾಲಿನಲ್ಲಿ ನಾನೂ ಇರುತ್ತೇನೆ.