ಭೂಪಟಕಾರನಾದ ಡೇವಿಡ್ ಥಾಮ್ಸನನು

ಹದಿನೆಂಟನೆಯ ಶತಮಾನದಲ್ಲಿ ಐರೋಪ್ಯರು ಬರೆದ ಪಟಗಳಲ್ಲಿ ಉತ್ತರ ಅಮೇರಿಕದ ವಾಯವ್ಯ ಭಾಗವು ಬಹುಮಟ್ಟಿಗೆ ಬರಿದಾಗಿದ್ದಿತು. ಅರಣ್ಯ, ಸರೋವರ, ಹಿಮಪರ್ವತಗಳಿಂದ ತುಂಬಿದ ಆ ಸೀಮೆಯನ್ನು ಅಳೆದು ಗುರುತಿಸಿದವನು ಧರ್ಮಶಾಲೆಯಲ್ಲಿ ಓದಿದ ಒಬ್ಬ ಬಡ ಬಾಲಕನು.

ಡೇವಿಡ್ ಥಾಮ್ಸನನು 1770ನೆಯ ಇಸವಿ ಏಪ್ರಿಲ್ 30ರಂದು ಲಂಡನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಜನಿಸಿದನು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡನು. ವಿಧವೆಯಾದ ತಾಯಿಯು ಬಡತನದ ನಿಮಿತ್ತ ಅವನನ್ನು ಏಳನೆಯ ವಯಸ್ಸಿನಲ್ಲಿ ಗ್ರೇ ಕೋಟ್ ಎಂಬ ಧರ್ಮಶಾಲೆಗೆ ಒಪ್ಪಿಸಿದಳು. ಅಲ್ಲಿ ಗಣಿತವನ್ನೂ ನೌಕಾಯಾನದ ವಿದ್ಯೆಯನ್ನೂ ಕಲಿತು, 1784ರಲ್ಲಿ ಹಡ್ಸನ್ ಬೇ ಕಂಪೆನಿಯ ಸೇವೆಗೆ ಸೇರಿ ಚರ್ಚಿಲ್ ಎಂಬ ಠಾಣ್ಯಕ್ಕೆ ಹಡಗೇರಿ ಹೋದನು. ಆಗ ಅವನಿಗೆ ಹದಿನಾಲ್ಕು ವರುಷ. ತಾಯ್ನಾಡನ್ನು ಅವನು ಮತ್ತೆ ಕಾಣಲಿಲ್ಲ.

1788ರ ಚಳಿಗಾಲದಲ್ಲಿ ಬಿದ್ದು ಕಾಲು ಮುರಿದುಕೊಂಡು ಬಹುದಿನ ನಡೆಯಲಾರದವನಾದನು. ಈ ಆಪತ್ತೇ ಅವನಿಗೆ ವಿದ್ಯಾಲಾಭಕ್ಕೆ ದ್ವಾರವಾಯಿತು. ಫಿಲಿಪ್ ಟರ್ನರ್ ಎಂಬ ಮೋಜಣಿದಾರನಿಂದ ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ ಅಕ್ಷಾಂಶ ರೇಖಾಂಶಗಳನ್ನು ನಿರ್ಣಯಿಸುವ ಕ್ರಮವನ್ನು ಅಭ್ಯಾಸಮಾಡಿದನು. ಅದೇ ಕಾಲದಲ್ಲಿ ಒಂದು ಕಣ್ಣಿನ ದೃಷ್ಟಿಯು ಹೋಯಿತು. ಉಳಿದೊಂದು ಕಣ್ಣಿನಿಂದಲೇ ಜೀವಮಾನದ ಕೆಲಸವನ್ನು ನಡಿಸಿದನು.

1797ರಲ್ಲಿ ನಾರ್ತ್ ವೆಸ್ಟ್ ಕಂಪೆನಿಯನ್ನು ಸೇರಿದನು. 1799ರಲ್ಲಿ ಕ್ರೀ ಜನಾಂಗದ ತಾಯಿಗೂ ಸ್ಕಾಟ್ಲೆಂಡಿನ ವರ್ತಕನಿಗೂ ಹುಟ್ಟಿದ ಷಾರ್ಲೊಟ್ ಸ್ಮಾಲಳನ್ನು ವರಿಸಿದನು. ಅವಳು ಕೂಸುಗಳೊಡನೆ ಗಂಡನ ಅನೇಕ ದುರ್ಗಮ ಪ್ರಯಾಣಗಳಲ್ಲಿ ಜೊತೆಗೂಡಿದಳು. ಆ ನಾಡಿನ ಭಾಷೆಯೂ ರೀತಿಯೂ ಅವಳಿಗೆ ಹುಟ್ಟಿನಿಂದ ಬಂದವು. ಮೂಲನಿವಾಸಿಗಳು ದಾರಿ ತೋರಿಸದೆ ಇದ್ದಲ್ಲಿ ಥಾಮ್ಸನನ ಯಂತ್ರಗಳಿಂದ ಆಗುತ್ತಿದ್ದುದು ಅಲ್ಪವೇ. ಆ ಜನರಿಗೆ ಮದ್ಯವು ವಿನಾಶಕರವೆಂದು ಅರಿತಿದ್ದ ಅವನು, 1808ರಲ್ಲಿ ಪಾಲುಗಾರರು ಬಲವಂತದಿಂದ ಕಳುಹಿಸಿದ ಎರಡು ಪೀಪಾಯಿಗಳನ್ನು ತುಂಟ ಕುದುರೆಯ ಮೇಲೆ ಹೇರಿಸಿದನು; ಅದು ಬಂಡೆಗಳಿಗೆ ಉಜ್ಜಿ ಅವನ್ನು ಒಡೆದುಹಾಕಿತು.

1811ರ ಜನವರಿಯಲ್ಲಿ ಅಥಬಾಸ್ಕ ಕಣಿವೆದಾರಿಯಿಂದ ಪರ್ವತಗಳನ್ನು ದಾಟಿ, ಜುಲೈ ತಿಂಗಳಲ್ಲಿ ಕೊಲಂಬಿಯಾ ನದೀಮುಖವನ್ನು ಮುಟ್ಟಿದನು. ಸುಮಾರು 55,000 ಮೈಲಿಗಳ ಸಂಚಾರದ ಫಲವಾದ ಮಹಾಪಟವು 1814ರಲ್ಲಿ ಮುಗಿಯಿತು.

ಇಷ್ಟು ಮಾಡಿದವನ ವೃದ್ಧಾಪ್ಯವು ಕಷ್ಟದಲ್ಲಿ ಕಳೆಯಿತು. ಸಾಲಕ್ಕಾಗಿ ಪ್ರಿಯವಾದ ಯಂತ್ರಗಳನ್ನೂ ಮಾರಬೇಕಾಯಿತು. ಆತ್ಮವೃತ್ತಾಂತವನ್ನು ಬರೆಯುತ್ತಿರಲು ದೃಷ್ಟಿಯು ನಂದಿತು. 1857ರ ಫೆಬ್ರವರಿ 10ರಂದು ತೀರಿಕೊಂಡನು. ಮೂರು ತಿಂಗಳೊಳಗೆ ಷಾರ್ಲೊಟಳೂ ಹಿಂಬಾಲಿಸಿದಳು. ಅವನ ಗ್ರಂಥವು 1916ರಲ್ಲಿ ಅಚ್ಚಾಯಿತು. ಗೋರಿಗೆ ಸ್ಮಾರಕವು ಬಹುಕಾಲದ ಮೇಲೆ ದೊರೆಯಿತು.

ಲೋಕದ ಮನ್ನಣೆಯು ತಡವಾದರೂ ಪಟವು ಸುಳ್ಳಾಗಲಿಲ್ಲ. ಬಡಮಕ್ಕಳ ಶಾಲೆಯಲ್ಲಿ ಕಲಿಸಿದ ಲೆಕ್ಕವು ಎಷ್ಟು ದೂರ ಹೋಗಬಲ್ಲದೆಂಬುದನ್ನು ನಮ್ಮ ಸಹೋದರಿಯರೂ ಅವರ ತಂದೆತಾಯಿಗಳೂ ಈ ಚರಿತ್ರೆಯಿಂದ ತಿಳಿಯಬಹುದು.